ಸೀಟಿನ ಕೆಳಗೆ ಮಾವನ ಕೈ

ಹೊಟ್ಟೆಕಿಚ್ಚು ಹತ್ತಿಕೊಳ್ಳುವುದಕ್ಕೆ ದೊಡ್ಡ ಕಾರಣವೇ ಬೇಕೆಂದಿಲ್ಲ. ಗ್ಯಾರೇಜಿನ ಅಳಿಯನಿಗೆ ಅದು ಹತ್ತಿಕೊಂಡದ್ದು ಒಂದು ಛತ್ರಿಕಡ್ಡಿಯಿಂದ.

ಆ ಕಡ್ಡಿ ಗ್ಯಾರೇಜಿನ ಯಜಮಾನರಾದ ಮಾವನದು. ಮುರಿದ ಛತ್ರಿಯಿಂದ ಕಿತ್ತು, ತುದಿಯನ್ನು ಕಾಯಿಸಿ ಬಗ್ಗಿಸಿ, ಹಿಡಿಗೆ ಟೇಪು ಸುತ್ತಿ ಅವರೇ ಮಾಡಿಕೊಂಡದ್ದು. ಕಾರಿನ ಸೀಟಿನ ಕೆಳಗೆ, ಕಣ್ಣಿಗೆ ಕಾಣದ ಸಂದಿಯಲ್ಲಿ, ತಂತಿಗೆ ತಂತಿ ಕೂಡಿಸುವ ಪ್ಲಾಸ್ಟಿಕ್ ಕಪ್ಲರುಗಳಿರುತ್ತವಲ್ಲ, ಅವುಗಳ ಬೀಗದ ನಾಲಿಗೆ ಎತ್ತುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಮಾನು ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಅದು ಮಾವನ ಅಂಗಿ ಜೇಬಿನಲ್ಲೇ ಇತ್ತು. ಅಳಿಯ ಒಮ್ಮೆ ಬಾಯಿಬಿಟ್ಟು ಕೇಳಿದ್ದಕ್ಕೆ, ನಿಮ್ಮ ಕೈಗೆ ಹೊಂದುವಂಥದ್ದು ನೀವೇ ಒಂದು ಮಾಡಿಕೊಳ್ಳಿ ಎಂದಿದ್ದರು. ಮಾಡಿಕೊಂಡ, ಒಂದಲ್ಲ ನಾಲ್ಕು. ಒಂದೂ ಅದರ ಹಾಗಾಗಲಿಲ್ಲ. ಈಗ ನೋಡಿದರೆ, ಗ್ಯಾರೇಜಿಗೆ ಕಾಲಿಟ್ಟು ಹದಿನಾಲ್ಕು ತಿಂಗಳೂ ತುಂಬದ ಸೊಸೆಯ ಕೆಲಸದ ಅಂಗಿಯ ಜೇಬಿನಿಂದ ಅದು ಇಣುಕುತ್ತಿತ್ತು.

ಸೊಸೆ ಎಂದರೆ ಮಾವನ ಮಗನ ಹೆಂಡತಿ. ಮಗನಿಗೆ ಗ್ಯಾರೇಜಿನ ಗ್ರೀಸು ಆಗಿಬರಲಿಲ್ಲ. ಅವನು ಲಾರಿ ಹತ್ತಿ ವಾರಕ್ಕೊಮ್ಮೆ ಮನೆಗೆ ಬರುವವನು. ಇವಳು ಮಾತ್ರ ತವರಿನಲ್ಲಿ ಅಪ್ಪನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೆಳೆದವಳು. ಮದುವೆಯಾಗಿ ಬಂದ ಮೂರನೇ ತಿಂಗಳಿಗೇ, ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ನಾನೂ ಬರುತ್ತೇನೆ ಮಾವ ಎಂದು ಸೆರಗು ಸಿಕ್ಕಿಸಿ ಹೊರಟೇಬಿಟ್ಟಳು. ಅಳಿಯನನ್ನು ಅವಳು ಬಾಯಿ ತುಂಬ 'ಅಣ್ಣ' ಎನ್ನುತ್ತಿದ್ದಳು. ಅದೂ ಅವನಿಗೆ ಚುಚ್ಚುತ್ತಿತ್ತು. ದ್ವೇಷ ಮಾಡೋಣವೆಂದರೆ ಮನುಷ್ಯ ಒಂದಿಷ್ಟಾದರೂ ಕೆಟ್ಟವನಾಗಿರಬೇಕಲ್ಲ.

ಹಾಗೆ ನೋಡಿದರೆ ಅಳಿಯ ಮೊದಲು ಆ ಗ್ಯಾರೇಜಿನ ಕೆಲಸದವನು, ಆಮೇಲೆ ಆ ಮನೆಯ ಅಳಿಯ. ಕೈಯ ಬಿಗಿ ನೋಡಿ ಮಾವ ಅವನಿಗೆ ಇಕ್ಕಳ ಎಂದು ಹೆಸರಿಟ್ಟಿದ್ದರು. 'ಲೋ ಇಕ್ಕಳ, ಎಳೀಬೇಡ್ವೋ, ಮೊದಲು ಒತ್ತು' ಎಂದು ದಿನಕ್ಕೆ ಹತ್ತು ಸಲ ಬೈಯುತ್ತಿದ್ದರು. ಕಪ್ಲರಿನ ಗುಟ್ಟೇ ಅದು. ಸಿಟ್ಟಿನಿಂದ ಎಳೆದಷ್ಟೂ ಬೀಗ ಬಿಗಿಯುತ್ತದೆ. ಒಂದು ಕೂದಲೆಳೆಯಷ್ಟು ಒಳಕ್ಕೆ ಒತ್ತಿ, ನಾಲಿಗೆ ಎತ್ತಿದರೆ ತಾನಾಗಿ ಕೈಗೆ ಬರುತ್ತದೆ. ಮಗಳನ್ನು ಧಾರೆ ಎರೆದು ಕೊಟ್ಟ ಮರುದಿನದಿಂದ ಬೈಗುಳ ನಿಂತಿತು. 'ಬನ್ನಿ ಅಳಿಯಂದ್ರೆ, ಕೂತ್ಕೊಳ್ಳಿ ಅಳಿಯಂದ್ರೆ' ಶುರುವಾಯಿತು. ಬೀದಿಯವರೂ ಅದನ್ನೇ ಹಿಡಿದರು. ಟೈರಿಗೆ ಗಾಳಿ ಹಾಕಿಸಲು ಬಂದವರು ಕೂಡ 'ಅಳಿಯಂದ್ರು ಇದ್ದಾರಾ?' ಎನ್ನುವವರೇ. ಮರ್ಯಾದೆ ಬೆಟ್ಟದಷ್ಟು ಸಿಕ್ಕಿತು, ಬೈಗುಳ ಸಾಸಿವೆಯಷ್ಟೂ ಸಿಗಲಿಲ್ಲ. ಈಗ ಸೊಸೆಗೆ ಮಾವ 'ಏ ಕತ್ತೆ, ಒತ್ತಮ್ಮ ಮೊದಲು' ಎಂದಾಗ ಆ ಬೈಗುಳಕ್ಕೂ ಅವನ ಹೊಟ್ಟೆ ಉರಿಯುತ್ತಿತ್ತು.

ಎಲ್ಲಕ್ಕಿಂತ ಉರಿದದ್ದು ಇನ್ನೊಂದಕ್ಕೆ. ಚಳಿ ಶುರುವಾದರೆ ಸಾಕು, ಕರೆಂಟಿನಿಂದ ಬಿಸಿಯಾಗುವ ಸೀಟುಗಳ ರಿಪೇರಿಯೇ ಗ್ಯಾರೇಜಿಗೆ ಅರ್ಧ ಕೆಲಸ. ರಿಪೇರಿ ಮುಗಿದ ಮೇಲೆ ಸ್ವಿಚ್ಚು ಹಾಕಿ, ಸೀಟಿನ ಮೇಲೆ ಅಂಗೈ ಊರಿ, ಬಿಸಿ ಎಲ್ಲ ಕಡೆ ಒಂದೇ ಸಮನಾಗಿ ಬರುತ್ತಿದೆಯೇ ಎಂದು ನೋಡಬೇಕು. ಹತ್ತೊಂಬತ್ತು ವರ್ಷದಲ್ಲಿ ಅಳಿಯ 'ಬಂತು ಮಾವ' ಎಂದಾಗಲೆಲ್ಲ ಮಾವ ತಾವೂ ಒಮ್ಮೆ ಅಂಗೈ ಇಟ್ಟು ನೋಡಿಯೇ ತಲೆಯಾಡಿಸಿದವರು. ಸೊಸೆ ಬಂದ ಮೇಲೆ ಆ ಪದ್ಧತಿಯೇ ಹೋಯಿತು. 'ಬಿಸಿ ಬಂತೇನಮ್ಮ?' ಎನ್ನುವರು, ಅವಳು 'ಹೂಂ' ಎನ್ನುವಳು, ಅಲ್ಲಿಗೆ ಮುಗಿಯಿತು. ಅವಳ ಬಾಯಿಮಾತಿಗೆ ಇರುವ ಬೆಲೆ ತನ್ನ ಹತ್ತೊಂಬತ್ತು ವರ್ಷಕ್ಕಿಲ್ಲವಲ್ಲ ಎಂದು ಅಳಿಯ ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ಹಲುಬಿದ. ಅವಳು ನಕ್ಕಳು. ನಿಮಗೆ ಹೆಣ್ಣು ಕೊಟ್ಟದ್ದು ಸಾಲದು, ನನ್ನ ಅಪ್ಪನನ್ನೂ ಬರೆದುಕೊಡಬೇಕಿತ್ತೇನೋ ಎಂದು ಛೇಡಿಸಿ ಸಾರು ಬಡಿಸಿದಳು. ಅಪ್ಪನಿಗೆ ವಯಸ್ಸಾಯಿತು, ಮಾತಾಡಿಸಿ, ಮುಖ ಊದಿಸಿಕೊಂಡು ತಿರುಗಬೇಡಿ ಎಂದೂ ಹೇಳಿದಳು. ಕಾಮಾಲೆ ಕಣ್ಣಿನವನಿಗೆ ಕಂಡದ್ದೆಲ್ಲ ಹಳದಿ; ಆ ಮಾತನ್ನೂ ಅವನು ಸೊಸೆಯ ಪರವಾಗಿ ಆಡಿದ್ದೆಂದೇ ಲೆಕ್ಕ ಹಾಕಿದ.

ಹೀಗಿರುವಾಗ ಒಂದು ಮಧ್ಯಾಹ್ನ ಹಲ್ಲಿನ ಡಾಕ್ಟರು ತಮ್ಮ ದೊಡ್ಡ ಕಾರು ತಂದರು. ದಿನವಿಡೀ ಬಗ್ಗಿ ಇನ್ನೊಬ್ಬರ ಬಾಯಿ ನೋಡಿ ನೋಡಿ ಅವರ ಸೊಂಟ ಹೋಗಿತ್ತು. ಸೀಟು ಬೆಚ್ಚಗಿದ್ದರಷ್ಟೇ ಕಾರು ಓಡಿಸಲು ಸಾಧ್ಯ, ಆ ಸೀಟು ಎರಡು ದಿನದಿಂದ ತಣ್ಣಗೆ ಕೂತಿದೆ ಎಂದರು. ನಾಲ್ಕು ಗಂಟೆಗೆ ರೋಗಿಗಳು ಬರುತ್ತಾರೆ, ಅಷ್ಟರಲ್ಲಿ ಆಗಬೇಕು. ಮಾವ ಸೀಟು ಬಿಚ್ಚಿ ಒಳಗಿನ ಹೀಟರ್ ಹಾಳೆ ಬದಲಾಯಿಸುವ ಕೆಲಸವನ್ನು ಸೊಸೆಗೆ ಒಪ್ಪಿಸಿದರು. ಅಳಿಯನಿಗೆ ಪಕ್ಕದ ವ್ಯಾನಿನ ಟೈರು ತೋರಿಸಿದರು. ಟೈರು.

ಇಂಥ ಸೀಟು ಬಿಚ್ಚುವುದಕ್ಕೆ ಒಂದು ಕ್ರಮವಿದೆ, ಮಾವ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದು. ಮೊದಲು ಸೀಟನ್ನು ಮುಂದಕ್ಕೆ ತಂದು ಹಿಂದಿನ ಬೋಲ್ಟು, ಆಮೇಲೆ ಹಿಂದಕ್ಕೆ ಸರಿಸಿ ಮುಂದಿನ ಬೋಲ್ಟು, ಆಮೇಲೆ ನಡುವೆ ನಿಲ್ಲಿಸಿ ಮೇಲಕ್ಕೇರಿಸಿ, ಎಲ್ಲ ಆದ ಮೇಲೆ ಕೊನೆಗೆ ಬ್ಯಾಟರಿ. ಸೀಟು ಸರಿಯುವುದು ಮೋಟಾರಿನಿಂದ, ಅದಕ್ಕೆ ಕರೆಂಟು ಬೇಕು. ಆದರೆ ಸೀಟಿನ ಕೆಳಗಿರುವ ಹಳದಿ ಕಪ್ಲರು ಏರ್‌ಬ್ಯಾಗಿನದು, ಕರೆಂಟು ಇರುವಾಗ ಅದನ್ನು ಮುಟ್ಟಬಾರದು. ಹಾಗಾಗಿ ಬ್ಯಾಟರಿ ಬಿಚ್ಚುವುದು ತಡವಾದರೂ ಕಷ್ಟ, ಬೇಗನಾದರೆ ಇನ್ನೂ ಕಷ್ಟ.

ಆ ಕಾರಿನ ಬ್ಯಾಟರಿ ಇದ್ದದ್ದು ಡಿಕ್ಕಿಯಲ್ಲಿ. ಸೊಸೆ ಡಿಕ್ಕಿ ತೆರೆದು, ಬ್ಯಾಟರಿಯ ಮುಚ್ಚಳ ತೆಗೆದಿಟ್ಟು, ಹೊಸ ಹಾಳೆ ತರಲು ಒಳಗಿನ ಉಗ್ರಾಣಕ್ಕೆ ಹೋದಳು. ಮಾವ ಬೆಂಚಿನ ಹತ್ತಿರ ಡಾಕ್ಟರ ಜೊತೆ ಮಾತಿಗೆ ನಿಂತಿದ್ದರು. ಅಳಿಯ ಟೈರು ಬಿಟ್ಟು ಎದ್ದ. ಡ್ರೈವರ್ ಸೀಟು, ಡಾಕ್ಟರು ಕಾರು ನಿಲ್ಲಿಸಿ ಸೊಂಟ ನೀಡಿಕೊಳ್ಳಲು ಮಲಗಿಸಿದ್ದ ಹಾಗೆಯೇ ಇತ್ತು, ಪೂರ್ತಿ ಹಿಂದಕ್ಕೆ, ಪೂರ್ತಿ ಕೆಳಕ್ಕೆ, ಬೆನ್ನು ಹಿಂದಿನ ಸೀಟಿನ ಮೇಲೆ ಒರಗಿಸಿಕೊಂಡು. ಈಗ ಬ್ಯಾಟರಿ ಬಿಚ್ಚಿದರೆ ಸೊಸೆ ಬಂದು ಸ್ವಿಚ್ಚು ಒತ್ತುತ್ತಾಳೆ, ಸೀಟು ಕದಲುವುದಿಲ್ಲ, ಕ್ರಮ ಮರೆತಳೆಂದು ಮಾವ ಡಾಕ್ಟರ ಎದುರೇ ನಾಲ್ಕು ಮಾತು ಅನ್ನುತ್ತಾರೆ. ಅಷ್ಟೇ. ಅಷ್ಟು ಸಾಕು. ಜೇಬಿನ ಸ್ಪ್ಯಾನರಿನಿಂದ ಒಂದು ನಟ್ಟು ಸಡಿಲಿಸಿ ತಂತಿಯನ್ನು ಪಕ್ಕಕ್ಕಿಟ್ಟ. ಯಾರ ಕಣ್ಣಿಗೂ ಬೀಳದಿರಲೆಂದು ಡಿಕ್ಕಿಯ ಬಾಗಿಲನ್ನೂ ಮೆಲ್ಲಗೆ ಒತ್ತಿದ. ಅದು ಟಕ್ ಎಂದಿತು.

ಆ ಸದ್ದು ಕಿವಿಗೆ ಬಿದ್ದ ಮೇಲೆ ಅಳಿಯನಿಗೆ ನೆನಪಾಯಿತು. ಡಿಕ್ಕಿ ತೆರೆಯುವುದೂ ಕರೆಂಟಿನಿಂದಲೇ. ಕೈಯಲ್ಲಿ ತೆರೆಯಲು ಒಂದು ಪುಟ್ಟ ಬೀಗದ ಕೈ ಇರುತ್ತದೆ, ಅದು ಕಳೆದು ಎರಡು ವರ್ಷವಾಯಿತೆಂದು ಡಾಕ್ಟರು ಆಗತಾನೇ ಹೇಳಿದ್ದರು. ಬಾನೆಟ್ಟಿನ ಕಡೆಯಿಂದ ಕರೆಂಟು ಕೊಡುವ ದಾರಿಯನ್ನು ಯಾವುದೋ ಹಳೆಯ ರಿಪೇರಿಯಲ್ಲಿ ಕಿತ್ತುಹಾಕಿದ್ದರು. ಹಿಂದಿನ ಸೀಟು ಕಿತ್ತು ಅಲ್ಲಿಂದ ಡಿಕ್ಕಿಯೊಳಗೆ ತೂರೋಣವೆಂದರೆ ಅದರ ಮೇಲೆ ಡ್ರೈವರ್ ಸೀಟು ಒರಗಿ ಮಲಗಿತ್ತು. ಕಾರಿನ ಕೆಲಸದಲ್ಲಿ ಪಳಗಿದವನು ಮಾಡಬಾರದ ತಪ್ಪು ಅದು. ತಾನು ತೋಡಿದ ಹಳ್ಳ ತಾನೆಂದುಕೊಂಡದ್ದಕ್ಕಿಂತ ಆಳವಾಗಿತ್ತು.

ಸೊಸೆ ಬಂದಳು. ಸ್ವಿಚ್ಚು ಒತ್ತಿದಳು, ಇನ್ನೊಮ್ಮೆ ಒತ್ತಿದಳು. ಎದ್ದು ಬಂದು ಮುಚ್ಚಿದ ಡಿಕ್ಕಿ ನೋಡಿದಳು. ಆಮೇಲೆ ಅಳಿಯನನ್ನು ಒಮ್ಮೆ ನೋಡಿದಳು. ಮಾವ ಹತ್ತಿರ ಬಂದು ಏನಾಯಿತೆಂದು ಕೇಳುವಷ್ಟರಲ್ಲಿ ಅಳಿಯ, ನಾನು ಆಗಿನಿಂದ ಟೈರಿನ ಹತ್ತಿರವೇ ಇದ್ದೆ ಎಂದುಬಿಟ್ಟ. ಯಾರೂ ಅವನನ್ನು ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ.

"ನಾನೇ ಮಾವ," ಎಂದಳು ಸೊಸೆ. "ಅವಸರದಲ್ಲಿ ಬ್ಯಾಟರಿ ಮೊದಲು ಬಿಚ್ಚಿಬಿಟ್ಟೆ."

ಅಳಿಯ ನೆಲ ನೋಡಿದ. ಗಿರಾಕಿಯ ಎದುರು ಮನೆಯ ಜಗಳ ಬೇಡವೆಂದು ಹೇಳಿದಳೋ, ಅಣ್ಣ ಎಂದು ಕರೆದ ಬಾಯಿಗೆ ಬೇರೆ ಬರಲಿಲ್ಲವೋ, ಅವನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಮನಸ್ಸೂ ಇರಲಿಲ್ಲ. ತಪ್ಪು ಹೊತ್ತುಕೊಂಡು ಇನ್ನೂ ಒಳ್ಳೆಯವಳಾದಳಲ್ಲ ಎಂದು ಹೊಟ್ಟೆ ಮತ್ತಷ್ಟು ಉರಿಯಿತು.

ಉಳಿದದ್ದು ಒಂದೇ ದಾರಿ. ಸೀಟಿನ ಮುಂಭಾಗದಲ್ಲಿ ಎರಡು ಬೆರಳಿನಷ್ಟು ಸಂದಿ ಇತ್ತು. ಅದರೊಳಗೆ ಮೊಣಕೈವರೆಗೆ ಕೈ ತೂರಿಸಿ, ಸಾಲಾಗಿ ಕೂತ ಮೂರು ಕಪ್ಲರುಗಳಲ್ಲಿ ಕೊನೆಯದನ್ನು, ಮೋಟಾರಿನದನ್ನು, ಬರೀ ಬೆರಳಿನಿಂದ ಗುರುತು ಹಿಡಿದು ಬಿಚ್ಚಬೇಕು. ಆಮೇಲೆ ಹೊರಗಿನ ಬ್ಯಾಟರಿಯಿಂದ ಅದಕ್ಕೇ ನೇರವಾಗಿ ಕರೆಂಟು ಕೊಟ್ಟು ಸೀಟನ್ನು ಮುಂದಕ್ಕೆ ತರಬಹುದು. ಸೊಸೆ ಆಗಲೇ ಮಂಡಿಯೂರಿ ತೋಳು ಮಡಚುತ್ತಿದ್ದಳು. ಡಾಕ್ಟರಿಗೆ ಸಿಟ್ಟು ನೆತ್ತಿಗೇರಿತ್ತು. ಕಲಿಯುವವರ ಕೈಗೆ ನನ್ನ ಕಾರು ಕೊಟ್ಟಿರಾ, ಈ ಊರಿನಲ್ಲಿ ಇಷ್ಟು ಗ್ಯಾರೇಜು ಬಿಟ್ಟು ಇಲ್ಲಿಗೆ ಬಂದದ್ದು ನಿಮ್ಮ ಕೈ ನಂಬಿ, ನೀವೇ ಮಾಡಿ ಎಂದು ಮಾವನ ಮುಂದೆ ಹಟ ಹಿಡಿದರು.

ಸೊಸೆ ತಟ್ಟನೆ ತಲೆಯೆತ್ತಿದಳು. "ಮಾವ, ನೀವು ಬೇಡ. ನಾನೇ ಮಾಡ್ತೀನಿ."

ಅಳಿಯನಿಗೆ ತಡೆಯಲಾಗಲಿಲ್ಲ. ಮಾವನ ಕೈಗಿಂತ ತನ್ನ ಕೈ ದೊಡ್ಡದಾಯಿತೇ ಇವಳಿಗೆ. ಆ ಕೈ ಎಂಥ ಸಂದಿಯಲ್ಲಿ ಏನೇನು ಮಾಡಿದೆಯೆಂದು ಇವಳೇನು ಬಲ್ಲಳು. ಆ ಕೈಯನ್ನು ನೋಡುತ್ತ ಪ್ರಾಯ ಕಳೆದವನು ಅವನು.

"ಮಾವನ ಕೈಗೆ ಇದು ಎರಡು ನಿಮಿಷದ ಕೆಲಸ," ಎಂದ. "ನೀನು ಸ್ವಲ್ಪ ಸರಿದು ನಿಂತು ನೋಡಿ ಕಲಿತ್ಕೊಳಮ್ಮ."

ಮಾವ ಅವನ ಮುಖವನ್ನು ಒಮ್ಮೆ ನೋಡಿದರು. ಆಮೇಲೆ ಅಂಗಿಯ ತೋಳು ಮಡಚಿ, ಕಾರಿನ ಬಾಗಿಲಿನ ಹತ್ತಿರ ಗೋಣಿ ಹಾಸಿ, ಒಂದು ಮಗ್ಗುಲಾಗಿ ಮಲಗಿ, ಬಲಗೈಯನ್ನು ಸೀಟಿನ ಕೆಳಗೆ ತೂರಿಸಿದರು.

ಎರಡು ನಿಮಿಷವಾಯಿತು. ಐದಾಯಿತು. ಮಾವ ಕಣ್ಣು ಮುಚ್ಚಿ ಹುಡುಕುತ್ತಿದ್ದರು. ಸಿಕ್ಕಿತು ಎಂದರು. ಎಳೆದರು. ಬಂದದ್ದು ನೆಲಹಾಸಿನ ಒಂದು ಚೂರು. ಮತ್ತೆ ಕೈ ಹಾಕಿದರು. ಇನ್ನೊಮ್ಮೆ ಸಿಕ್ಕಿತು ಎಂದರು, ಈ ಸಲ ನಗಲೂ ನೋಡಿದರು. ಅಷ್ಟರಲ್ಲಿ ಅಳಿಯನ ಕಣ್ಣಿಗೆ ಬಿದ್ದದ್ದು ರಕ್ತ. ಸೀಟಿನ ಹಳಿಯ ಅಂಚು ಚಾಕುವಿನಷ್ಟು ಹರಿತ. ಮಾವನ ಮಣಿಕಟ್ಟಿನಿಂದ ಇಳಿದ ರಕ್ತ ಬಾಗಿಲಿನ ಹೊಸ್ತಿಲಿಗೆ ಬಂದು, ಅಲ್ಲಿಂದ ತೊಟ್ಟು ತೊಟ್ಟಾಗಿ ಗೋಣಿಗೆ ಬೀಳುತ್ತಿತ್ತು. ಮಾವ ಮಾತ್ರ ಏನೂ ಆಗದವರ ಹಾಗೆ ಆ ಹಳಿಗೇ ಕೈ ಉಜ್ಜುತ್ತ ಹುಡುಕುತ್ತಲೇ ಇದ್ದರು.

"ಮಾವ, ಸಾಕು, ಕೈ ತೆಗೀರಿ," ಎಂದು ಸೊಸೆ ಅವರ ತೋಳು ಹಿಡಿದಳು.

ಕೈ ಹೊರಬಂತು. ಮೂರು ಬೆರಳು ಸೀಳಿದ್ದವು. ಮಾವ ಅದನ್ನು ಬೇರೆ ಯಾರದೋ ಕೈ ಎನ್ನುವ ಹಾಗೆ ನೋಡಿದರು. ಡಾಕ್ಟರು ಸಿಟ್ಟು ಸೊಂಟ ಎರಡನ್ನೂ ಮರೆತು ನೆಲಕ್ಕೆ ಕೂತರು. ಬೆರಳಿನ ತುದಿಗಳನ್ನು ಒಂದೊಂದಾಗಿ ಚಿವುಟಿ, ಗೊತ್ತಾಗುತ್ತಿದೆಯಾ ಎಂದು ಕೇಳಿದರು. ಮಾವ ಇಲ್ಲವೆಂದು ತಲೆ ಅಲ್ಲಾಡಿಸಿದರು. ಒಂದು ವರ್ಷದಿಂದ ಬೆರಳು ಜೋಮು ಹಿಡಿದ ಹಾಗಿದೆ, ಸಕ್ಕರೆ ಕಾಯಿಲೆ, ಬಿಸಿ ತಣ್ಣಗಿನ ವ್ಯತ್ಯಾಸವೂ ತಿಳಿಯುವುದಿಲ್ಲ ಎಂದರು. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸಿದ್ದನ್ನು ಸೊಸೆ ನೋಡಿಬಿಟ್ಟಿದ್ದಳಂತೆ. ಯಾರಿಗೂ ಹೇಳಬೇಡ ಎಂದು ಅವಳ ಬಾಯಿ ಕಟ್ಟಿದ್ದರಂತೆ.

ಛತ್ರಿಕಡ್ಡಿ ಯಾಕೆ ಕೈ ಬದಲಾಯಿಸಿತು, ಬಿಸಿ ಬಂತೇನಮ್ಮ ಎಂದು ಯಾಕೆ ಕೇಳುತ್ತಿದ್ದರು, ಎಲ್ಲ ಅಳಿಯನಿಗೆ ಒಮ್ಮೆಲೇ ತಿಳಿಯಿತು. ತಾನು ಕರುಬಿದ್ದು ಪ್ರೀತಿಯನ್ನಲ್ಲ, ಒಬ್ಬ ಮುದುಕ ಅವಮಾನ ಮುಚ್ಚಿಕೊಳ್ಳಲು ಹಿಡಿದ ಆಸರೆಯನ್ನು. ಅಷ್ಟು ತಿಳಿದರೂ ಹೊಟ್ಟೆಕಿಚ್ಚೆಂಬ ಮಾನಗೇಡಿ ಸುಮ್ಮನಿರಲಿಲ್ಲ. ಇದೂ ಅವಳಿಗೇ ಮೊದಲು ತಿಳಿಯಬೇಕಿತ್ತೇ ಎಂದು ಒಳಗೆ ಕೆರೆಯುತ್ತಲೇ ಇತ್ತು.

"ನನಗೆ ಯಾಕೆ ಹೇಳಲಿಲ್ಲ ಮಾವ?"

ಡಾಕ್ಟರು ಬಟ್ಟೆ ಸುತ್ತುತ್ತಿದ್ದರು. ಮಾವ ಅಳಿಯನ ಕಡೆ ನೋಡಲಿಲ್ಲ.

"ನಿನಗೊಬ್ಬನಿಗೆ ಗೊತ್ತಾಗಬಾರದು ಅಂತಿದ್ದೆ ಕಣೋ. ಬೇರೆಯವರು ಮುದುಕ ಅಂದ್ಕೊಂಡ್ರೆ ಅಂದ್ಕೊಳ್ಳಲಿ. ನೀನು ಈ ಕೈ ನೋಡಿ ಕೆಲಸ ಕಲಿತವನು."

ಅಳಿಯ ಹತ್ತೊಂಬತ್ತು ವರ್ಷ ಕಾದ ಮಾತು ಅದು. ಬಂದ ಹೊತ್ತು ಮಾತ್ರ ಇಂಥದ್ದು.

ಕೆಲಸ ಇನ್ನೂ ಹಾಗೇ ಬಿದ್ದಿತ್ತು. ಸೊಸೆ ಮಾವನ ತೋಳು ಬಿಡದೆ, ಇನ್ನೊಂದು ಕೈಯಿಂದ ಜೇಬಿನ ಕಡ್ಡಿ ತೆಗೆದಳು. ನೀವೇ ಮಾಡಿ ಅಣ್ಣ ಎಂದು ಅದನ್ನು ಅವನ ಕೈಗಿಟ್ಟಳು. ಅಳಿಯ ಗೋಣಿಯ ಮೇಲೆ ಮಲಗಿದ. ಅವನ ತೋಳು ದಪ್ಪ, ಚರ್ಮ ಉಜ್ಜಿ ಕಿತ್ತುಬಂತು, ಆದರೂ ಕೈ ಒಳಗೆ ಹೋಯಿತು. ಮೊದಲನೆಯದು ಚಪ್ಪಟೆ, ಏರ್‌ಬ್ಯಾಗಿನದು. ಎರಡನೆಯದು ಹೀಟರಿನದು. ಅದರಾಚೆ ಮೂರನೆಯದು ಸಿಕ್ಕಿತು, ಒದ್ದೆಯಾಗಿತ್ತು. ಮಾವನ ಕೈ ಅಲ್ಲಿಯವರೆಗೂ ಹೋಗಿತ್ತು. ಬೆರಳು ಸರಿಯಾದ ಜಾಗದಲ್ಲೇ ಇತ್ತು, ಆ ಬೆರಳಿಗೆ ಅದು ಗೊತ್ತಾಗಿರಲಿಲ್ಲ ಅಷ್ಟೇ. ಜಾರುವ ಆ ಪ್ಲಾಸ್ಟಿಕ್ಕನ್ನು ಕಿತ್ತೆಸೆಯುವಷ್ಟು ಸಿಟ್ಟು ಬಂತು ಅವನಿಗೆ, ಯಾರ ಮೇಲೆಂದು ಹೇಳುವುದು. ಎಳೆಯಲಿಲ್ಲ. ಉಸಿರು ಬಿಗಿಹಿಡಿದು ಒತ್ತಿದ, ಕಡ್ಡಿಯಿಂದ ನಾಲಿಗೆ ಎತ್ತಿದ. ಅದು ಸದ್ದಿಲ್ಲದೆ ಬಿಟ್ಟುಕೊಂಡಿತು.

ಆಮೇಲಿನದೆಲ್ಲ ದಿನನಿತ್ಯದ ಕೆಲಸ. ಸೀಟು ಮುಂದೆ ಬಂತು, ಹಿಂದಿನ ಸೀಟು ಕಿತ್ತು ಡಿಕ್ಕಿಯೊಳಗೆ ತೂರಿ ಬಾಗಿಲು ತೆರೆದದ್ದಾಯಿತು, ಹಾಳೆ ಬದಲಾಯಿತು. ನಾಲ್ಕಕ್ಕೆ ಐದು ನಿಮಿಷವಿರುವಾಗ ಡಾಕ್ಟರು ಬೆಚ್ಚಗಿನ ಸೀಟಿನಲ್ಲಿ ಕೂತು, ಮಾವನಿಗೆ ನಾಳೆಯೇ ದೊಡ್ಡ ಡಾಕ್ಟರ ಹತ್ತಿರ ಹೋಗಬೇಕೆಂದು ತಾಕೀತು ಮಾಡಿ ಹೊರಟರು. ಸೊಸೆ ಮೂಲೆಯ ನಲ್ಲಿಯಲ್ಲಿ ಗೋಣಿಯ ರಕ್ತ ತೊಳೆಯಲು ನಿಂತಳು.

ಮಾವ ಬಟ್ಟೆ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಅಳಿಯನನ್ನು ಹತ್ತಿರ ಕರೆದರು.

"ಇನ್ನು ನನ್ನ ಕೈ ನಂಬಿ ಗ್ಯಾರೇಜು ನಡೆಯಲ್ಲ. ನಿನ್ನ ಮಾತು ನಂಬಿ ನಡೀಬೇಕು. ಕ್ರಮ ತಪ್ಪೋರನ್ನ ಸೀಟಿನ ಕೆಲಸಕ್ಕೆ ಇಟ್ಕೊಂಡ್ರೆ ಒಂದು ದಿನ ಯಾರಾದರೂ ಏರ್‌ಬ್ಯಾಗು ಸಿಡಿಸಿಕೊಳ್ತಾರೆ. ಅವಳು ನಿಜವಾಗಲೂ ಬ್ಯಾಟರಿ ಮೊದಲು ಬಿಚ್ಚಿದಳಾ? ನೀನು ಹೂಂ ಅಂದ್ರೆ ನಾಳೆಯಿಂದ ಅವಳು ಮನೇಲಿರಲಿ. ನಾನು ಇನ್ನೊಂದು ಮಾತು ಕೇಳಲ್ಲ."

ನಲ್ಲಿ ನಿಂತಿತು. ಸೊಸೆ ತಿರುಗಿ ನೋಡಲಿಲ್ಲ, ಗೋಣಿ ಹಿಡಿದುಕೊಂಡು ಹಾಗೇ ನಿಂತಿದ್ದಳು.

ಒಂದು ಹೂಂ. ಕಡ್ಡಿ ಅವನ ಜೇಬಿನಲ್ಲಿತ್ತು, ಮಾವನ ಪಕ್ಕದ ಜಾಗ ಖಾಲಿಯಾಗುತ್ತಿತ್ತು, ಅವಳು ತಾನೇ ಬಾಯಾರೆ ಒಪ್ಪಿಕೊಂಡಿದ್ದಳು. ಬಯಸಿದ್ದೆಲ್ಲ ತಟ್ಟೆಗೆ ಬಡಿಸಿಟ್ಟ ಹಾಗಿತ್ತು. ಹೂಂ ಅನ್ನಬೇಕೆಂದು ಅವನಿಗೆ ಎಷ್ಟು ಆಸೆಯಾಯಿತೆಂದರೆ, ಆ ಆಸೆಗೇ ಅವನಿಗೆ ಹೆದರಿಕೆಯಾಯಿತು.

"ನಾನು ಬಿಚ್ಚಿದ್ದು ಮಾವ. ಡಿಕ್ಕಿ ಮುಚ್ಚಿದ್ದೂ ನಾನೇ. ನೀವು ಅವಳಿಗೆ ಬೈಲಿ ಅಂತ."

ಮಾವ ಬಟ್ಟೆ ಸುತ್ತಿದ ಕೈಯನ್ನು ಮೇಲೆತ್ತಿ, ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಬೈಯಲಿ ಎಂದು ಅಳಿಯ ಕಾದ. ಇಕ್ಕಳ ಎನ್ನಲಿ, ಕತ್ತೆ ಎನ್ನಲಿ, ಎದ್ದು ಕೆನ್ನೆಗೆ ಬಾರಿಸಲಿ.

"ಹಾಗಾದ್ರೆ ಈ ಗಾಯ ನಿನ್ನದು."

"ಹೂಂ ಮಾವ."

"ನೋವಾಗಲಿಲ್ಲ ಬಿಡು," ಎಂದರು ಮಾವ.

ಅಳಿಯ ಅವರ ಮುಂದೆ ನೆಲದ ಮೇಲೆ ಕೂತ. ಸೊಸೆ ನಲ್ಲಿ ತಿರುಗಿಸಿ ಮತ್ತೆ ಗೋಣಿ ತೊಳೆಯಲು ಶುರುಮಾಡಿದಳು.